ಒಳಹರಿವು, ಹೊರಹರಿವು ಮತ್ತು ನಮ್ಮ ಹೊಟ್ಟೆ

ಮಳೆಗಾಲ ಶುರುವಾಯಿತೆಂದರೆ ನಮ್ಮ ಕಡೆಯ ಜನ ಪತ್ರಿಕೆ ಬಿಡಿಸಿ ಮೊದಲು ನೋಡುವುದು ಒಂದು ಪುಟ್ಟ ಚೌಕವನ್ನು. ಹಾರಂಗಿ ಜಲಾಶಯ: ಗರಿಷ್ಠ ಮಟ್ಟ 2,859 ಅಡಿ, ಇಂದಿನ ಮಟ್ಟ ಇಷ್ಟು, ಒಳಹರಿವು ಇಷ್ಟು ಕ್ಯುಸೆಕ್, ಹೊರಹರಿವು ಇಷ್ಟು ಕ್ಯುಸೆಕ್. ಕುಶಾಲನಗರದಿಂದ ಎಂಟೊಂಬತ್ತು ಕಿಲೋಮೀಟರ್ ದೂರದ ಆ ಅಣೆಕಟ್ಟಿನ ಸಮೀಪದಲ್ಲೇ ನಮ್ಮ ಮನೆ. 8.5 ಟಿಎಂಸಿ ನೀರು ಹಿಡಿಯುವ ಜಲಾಶಯ 1982ರಲ್ಲಿ ಪೂರ್ಣಗೊಂಡಾಗ ನಾನಿನ್ನೂ ತೊಟ್ಟಿಲ ಮಗು. ಹಾಗಾಗಿ ಈ ನಾಲ್ಕು ಅಂಕಿಗಳನ್ನು ಓದುತ್ತಲೇ ಬೆಳೆದವನು ನಾನು. ಬಂದ ನೀರಿಗಿಂತ ಬಿಟ್ಟ ನೀರು ಕಡಿಮೆಯಾದರೆ ಮಟ್ಟ ಏರುತ್ತದೆ, ಹೆಚ್ಚಾದರೆ ಇಳಿಯುತ್ತದೆ. ಇದನ್ನು ತಿಳಿಯಲು ಇಂಜಿನಿಯರ್ ಆಗಬೇಕಾಗಿಲ್ಲ. ಆದರೆ ಇದೇ ಲೆಕ್ಕ ನನ್ನ ಸೊಂಟಕ್ಕೂ ಅನ್ವಯಿಸುತ್ತದೆ ಎಂಬುದು ಅರ್ಥವಾಗಲು ನಲ್ವತ್ತು ವರ್ಷ ದಾಟಬೇಕಾಯಿತು.

ಎರಡು ವರ್ಷಗಳ ಹಿಂದೆ ಊರಿನಲ್ಲಿ ಉಚಿತ ಆರೋಗ್ಯ ತಪಾಸಣಾ ಶಿಬಿರ ನಡೆಯಿತು. ಮದ್ರಸದ ಮಕ್ಕಳನ್ನು ಸಾಲಾಗಿ ನಿಲ್ಲಿಸುವ ಹೊಣೆ ನನ್ನದು. ಎಲ್ಲ ಮುಗಿದ ಮೇಲೆ ನರ್ಸ್ ತೂಕದ ಯಂತ್ರದತ್ತ ಕೈ ತೋರಿಸಿ, "ಉಸ್ತಾದರೇ, ನೀವೂ ಒಮ್ಮೆ ಹತ್ತಿ" ಎಂದರು. 84 ಕಿಲೋ. ಎತ್ತರ 166 ಸೆಂಟಿಮೀಟರ್. ಸೊಂಟದ ಸುತ್ತಳತೆ 102. ಮಕ್ಕಳು ಕಿಸಕ್ಕನೆ ನಕ್ಕರು, ನಾನೂ ನಕ್ಕೆ. ವಾರ ಕಳೆದು ರಕ್ತ ಪರೀಕ್ಷೆಯ ವರದಿ ಬಂದಾಗ ನಗು ಬರಲಿಲ್ಲ. ಎರಡು-ಮೂರು ತಿಂಗಳ ಸರಾಸರಿ ಸಕ್ಕರೆಯನ್ನು ಸೂಚಿಸುವ ಎಚ್‌ಬಿಎ1ಸಿ ಪರೀಕ್ಷೆಯಲ್ಲಿ 6.3 ಎಂದಿತ್ತು. 5.7ರಿಂದ 6.4ರವರೆಗೆ ಮಧುಮೇಹದ ಹೊಸ್ತಿಲು. 6.5 ಆಯಿತೆಂದರೆ ಒಳಗೆ ಕಾಲಿಟ್ಟಂತೆ.

ನನ್ನ ತಂದೆ ಆ ಹೊಸ್ತಿಲು ದಾಟಿ ಹೋದವರು. ಕೊನೆಯ ವರ್ಷಗಳಲ್ಲಿ ವಾರಕ್ಕೆ ಎರಡು ಬಾರಿ ಅವರನ್ನು ಡಯಾಲಿಸಿಸ್‌ಗಾಗಿ ಮೈಸೂರಿಗೆ ಕರೆದೊಯ್ಯುತ್ತಿದ್ದವನು ನಾನೇ. ಮರಳಿ ಬರುವಾಗ ಬಸ್ಸಿನ ಕಿಟಕಿಗೆ ತಲೆಯಾನಿಸಿ ನಿದ್ದೆ ಹೋಗುತ್ತಿದ್ದರು. ಪಿರಿಯಾಪಟ್ಟಣ ಬಂದಾಗ ಎಚ್ಚರಗೊಂಡು, "ಊರು ಬಂತಾ?" ಎಂದು ಕೇಳುತ್ತಿದ್ದರು. ವರದಿ ಕೈಯಲ್ಲಿ ಹಿಡಿದು ನಿಂತಾಗ ನನ್ನ ಕಿವಿಯಲ್ಲಿ ಕೇಳಿಸಿದ್ದು ಆ ಪ್ರಶ್ನೆ.

ನಡೆದೂ ತೂಕ ಏರಿತು

ಓದುಗರೇ, ಇಂಥ ಹೊತ್ತಿನಲ್ಲಿ ನಮ್ಮಲ್ಲಿ ಎಲ್ಲರೂ ಮಾಡುವುದನ್ನೇ ನಾನೂ ಮಾಡಿದೆ. ಒಂದು ಜೊತೆ ಶೂ ಖರೀದಿಸಿದೆ. ಅಸರ್ ನಮಾಝ್ ಮುಗಿದೊಡನೆ ಅಣೆಕಟ್ಟಿನ ದಾರಿ ಹಿಡಿಯುವುದು, ಮಗ್ರಿಬ್‌ಗೆ ಮುಂಚೆ ಮರಳುವುದು. ಹೋಗಿ ಬಂದರೆ ಐದು ಕಿಲೋಮೀಟರ್. ಕತ್ತಲಾದ ಮೇಲೆ ನಡೆಯುವಂತಿಲ್ಲ. ಹೊತ್ತು ಮೂಡುವ ಮೊದಲೂ ಕೂಡದು. ಕಾಫಿ ತೋಟದ ನಡುವಿನ ರಸ್ತೆಗೆ ಆನೆ ಇಳಿಯುತ್ತದೆ. ವಾಕಿಂಗ್‌ಗೆ ಹೋದವರು ಆನೆಗೆ ಸಿಕ್ಕ ಸುದ್ದಿ ಕೊಡಗಿನಲ್ಲಿ ಅಪರೂಪವೇನಲ್ಲ. (ಪೇಟೆಯ ವೈದ್ಯರು "ಬೆಳಿಗ್ಗೆ ಐದಕ್ಕೆ ಎದ್ದು ನಡೆಯಿರಿ" ಎಂದು ಬರೆಯುವಾಗ ನಮ್ಮಂಥವರನ್ನು ನೆನೆಯುವುದಿಲ್ಲ.)

ನಾಲ್ಕು ತಿಂಗಳು ಒಂದು ದಿನವೂ ಬಿಡದೆ ನಡೆದೆ. ಐದನೇ ತಿಂಗಳು ತೂಕ ನೋಡಿದರೆ 85.5 ಕಿಲೋ!

ಯಂತ್ರ ಕೆಟ್ಟಿರಬೇಕೆಂದು ಇನ್ನೊಂದು ಅಂಗಡಿಯ ಯಂತ್ರವನ್ನೂ ಹತ್ತಿ ನೋಡಿದೆ. ಕೊನೆಗೆ ವೈದ್ಯರ ಬಳಿ ಹೋಗಿ, "ಡಾಕ್ಟರೇ, ನಡಿಗೆಯಿಂದ ಪ್ರಯೋಜನವಿಲ್ಲ" ಎಂದು ತೀರ್ಪು ಕೊಟ್ಟೆ. ಅವರು ಕೇಳಿದ್ದು ಒಂದೇ ಮಾತು: "ನಡೆದ ಮೇಲೆ ಏನು ತಿನ್ನುತ್ತೀರಿ?"

ಸತ್ಯ ಹೇಳಬೇಕಲ್ಲ. ನಾವು ನಾಲ್ಕು ಮಂದಿ ಜೊತೆಗಾರರು. ಮರಳುವ ದಾರಿಯಲ್ಲಿ ಒಂದು ಹೋಟೆಲು. ನಡೆದು ಹಸಿವಾಗಿರುತ್ತದೆ, ಜೊತೆಗೆ "ಇಷ್ಟು ನಡೆದಿದ್ದೇವಲ್ಲ" ಎಂಬ ಧೈರ್ಯ. ತಲಾ ಎರಡು ಪರೋಟ, ಸ್ವಲ್ಪ ಸಾರು, ಒಂದು ಸ್ಟ್ರಾಂಗ್ ಚಹಾ. ವೈದ್ಯರು ಔಷಧಿ ಚೀಟಿಯ ಹಿಂಬದಿಯಲ್ಲೇ ಲೆಕ್ಕ ಹಾಕಿದರು. ಹೋಟೆಲಿನ ಮೈದಾ ಪರೋಟ ಒಂದಕ್ಕೆ ಸುಮಾರು 300 ಕ್ಯಾಲೊರಿ. ಎರಡಕ್ಕೆ 600. ಸಾರಿಗೆ 150, ಹಾಲು ಸಕ್ಕರೆಯ ಚಹಾಕ್ಕೆ 90. ಒಟ್ಟು 840. ನನ್ನ ತೂಕದವನು ಐದು ಕಿಲೋಮೀಟರ್ ನಡೆದರೆ, ಅದೇ ಹೊತ್ತು ಸುಮ್ಮನೆ ಕುಳಿತಿದ್ದರೆ ಖರ್ಚಾಗುತ್ತಿದ್ದುದನ್ನು ಕಳೆದು ಉಳಿಯುವ ಹೆಚ್ಚುವರಿ ಖರ್ಚು ಸುಮಾರು 250. ರಾತ್ರಿಯ ಊಟವನ್ನೇನೂ ನಾನು ಕಡಿಮೆ ಮಾಡಿರಲಿಲ್ಲ. ಕ್ರೆಸ್ಟ್ ಗೇಟನ್ನು ಒಂದಂಗುಲ ತೆರೆದು, ಮೇಲಿನ ಹೊಳೆಯನ್ನು ಮೂರು ಪಟ್ಟು ಹರಿಯಬಿಟ್ಟಂತಾಯಿತು.

ಇಲ್ಲಿ ಕ್ಯಾಲೊರಿ ಎಂಬ ಪದದ ಬಗ್ಗೆ ಎರಡು ಮಾತು. ಅದು ತಿನ್ನುವ ವಸ್ತುವಲ್ಲ, ಒಂದು ಅಳತೆ. ಒಂದು ಲೀಟರ್ ನೀರನ್ನು ಒಂದು ಡಿಗ್ರಿ ಸೆಲ್ಸಿಯಸ್ ಬಿಸಿ ಮಾಡಲು ಬೇಕಾಗುವ ಶಾಖವನ್ನು ಕಿಲೋಕ್ಯಾಲೊರಿ ಎನ್ನುತ್ತಾರೆ. ಆಹಾರದ ವಿಷಯ ಬಂದಾಗ ಜನರು ಅದನ್ನೇ ಚಿಕ್ಕದಾಗಿ ಕ್ಯಾಲೊರಿ ಎನ್ನುವುದು ವಾಡಿಕೆ. ಅನ್ನ, ರೊಟ್ಟಿ, ಸಕ್ಕರೆಯಲ್ಲಿರುವ ಪಿಷ್ಟ ಮತ್ತು ಸಿಹಿಯ ಪ್ರತಿ ಗ್ರಾಮಿಗೆ 4 ಕ್ಯಾಲೊರಿ. ಮೀನು, ಮಾಂಸ, ಬೇಳೆಯ ಪ್ರೋಟೀನಿಗೂ 4. ಆದರೆ ಎಣ್ಣೆ, ತುಪ್ಪ, ಕೊಬ್ಬಿಗೆ 9. ಎರಡು ಪಟ್ಟಿಗಿಂತಲೂ ಹೆಚ್ಚು. ಖರ್ಚಾಗದೆ ಉಳಿದದ್ದನ್ನು ದೇಹ ಬಿಸಾಡುವುದಿಲ್ಲ, ಕೊಬ್ಬಾಗಿ ಕೂಡಿಡುತ್ತದೆ. ಹೀಗೆ ಕೂಡಿಟ್ಟ ಒಂದು ಕಿಲೋ ಕೊಬ್ಬಿನಲ್ಲಿ ಸುಮಾರು 7,700 ಕ್ಯಾಲೊರಿ ಇರುತ್ತದೆ. ಅಂದರೆ ಒಂದು ಕಿಲೋ ಕೊಬ್ಬನ್ನು ಬರೀ ನಡಿಗೆಯಿಂದ ಕರಗಿಸಬೇಕಾದರೆ ನಾನು ಹಾರಂಗಿ ದಾರಿಯಲ್ಲಿ ಮೂವತ್ತು ದಿನ ನಡೆಯಬೇಕು, ಅದೂ ಹೆಚ್ಚಿಗೆ ಒಂದು ತುತ್ತೂ ತಿನ್ನದೆ. ಅದೇ 250 ಕ್ಯಾಲೊರಿಯನ್ನು ಬಾಯಿಯ ಕಡೆಯಿಂದ ಉಳಿಸಲು ಒಂದು ಪರೋಟ ಬಿಟ್ಟರೆ ಸಾಕು.

ಅಪ್ಪನ ತಟ್ಟೆ

"ನಮ್ಮ ಹಿರಿಯರು ಬೆಟ್ಟದಷ್ಟು ಅನ್ನ ತಿನ್ನುತ್ತಿದ್ದರು, ಅವರಿಗೇನಾಯಿತು?" ಎಂದು ನಮ್ಮವರು ಕೇಳುವುದುಂಟು. ನ್ಯಾಯವಾದ ಪ್ರಶ್ನೆ. ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕತೆ ಸಂಸ್ಥೆಯು 2020ರಲ್ಲಿ ಭಾರತೀಯರಿಗಾಗಿ ಪರಿಷ್ಕರಿಸಿ ಪ್ರಕಟಿಸಿದ ಲೆಕ್ಕ ಹೀಗಿದೆ: 65 ಕಿಲೋ ತೂಕದ ಗಂಡಸು ಕುಳಿತು ಮಾಡುವ ಕೆಲಸದವನಾದರೆ ದಿನಕ್ಕೆ 2,110 ಕ್ಯಾಲೊರಿ ಬೇಕು. ಅವನೇ ಗದ್ದೆಯಲ್ಲಿ, ತೋಟದಲ್ಲಿ ಮೈ ಮುರಿದು ದುಡಿಯುವವನಾದರೆ 3,470. ನಡುವಣ ಅಂತರ 1,360. ಅದು ಒಂದು ದೊಡ್ಡ ಹೊತ್ತಿನ ಊಟಕ್ಕಿಂತ ಹೆಚ್ಚು.

ನನ್ನ ತಂದೆ ಯೌವನದಲ್ಲಿ ಭತ್ತದ ಗದ್ದೆಯಲ್ಲಿ ಉತ್ತವರು, ತೋಟದಲ್ಲಿ ಮರ ಕಪಾತು ಮಾಡಿದವರು. ಬೆಳಿಗ್ಗೆ ಆರು ಅಕ್ಕಿ ರೊಟ್ಟಿ, ಮಧ್ಯಾಹ್ನ ಗುಡ್ಡೆ ಅನ್ನ, ರಾತ್ರಿ ಮತ್ತೆ ಅನ್ನ. ಹೊಟ್ಟೆ ಬೆನ್ನಿಗೆ ಅಂಟಿಕೊಂಡೇ ಇತ್ತು. ನಲ್ವತ್ತೈದರ ಹೊತ್ತಿಗೆ ಮಂಡಿನೋವೆಂದು ಕೂಲಿ ಬಿಟ್ಟು ಒಂದು ಪುಟ್ಟ ದಿನಸಿ ಅಂಗಡಿ ಹಾಕಿದರು. ಹಗಲಿಡೀ ಗಲ್ಲಾದ ಮುಂದೆ ಕುರ್ಚಿ. ತಟ್ಟೆ ಮಾತ್ರ ಹಳೆಯದೇ, ಆರು ರೊಟ್ಟಿಯೂ ಹಳೆಯದೇ. ಅಂಗಡಿ ಹಾಕಿದ ಮೇಲೆ ಅವರಿಗೆ "ಮೈ ಬಂತು" ಎಂದು ನೆಂಟರೆಲ್ಲ ಸಂತೋಷಪಟ್ಟರು. ನಮ್ಮಲ್ಲಿ ಹೊಟ್ಟೆ ಬಂದರೆ ಬರಕತ್ ಬಂತೆಂದೇ ಅರ್ಥ. ಆ ಸಂತೋಷದ ಎಂಟನೇ ವರ್ಷ ಸಕ್ಕರೆ ಕಾಯಿಲೆ ಪತ್ತೆಯಾಯಿತು.

ಇದು ಒಂದು ಮನೆಯ ಕಥೆಯಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಹತ್ತರಲ್ಲಿ ಮೂವರು ಸ್ತ್ರೀಯರು, ಹೆಚ್ಚುಕಡಿಮೆ ಅಷ್ಟೇ ಮಂದಿ ಪುರುಷರು ಮಿತಿಮೀರಿದ ತೂಕದವರು. 2023ರಲ್ಲಿ ಪ್ರಕಟವಾದ ಐಸಿಎಂಆರ್‌ನ ದೊಡ್ಡ ಅಧ್ಯಯನವು ದೇಶದಲ್ಲಿ 10 ಕೋಟಿಗೂ ಮಿಕ್ಕಿ ಮಧುಮೇಹಿಗಳಿದ್ದಾರೆಂದೂ, ಹೊಸ್ತಿಲಲ್ಲಿ ನಿಂತವರು ಇನ್ನೂ 13.6 ಕೋಟಿ ಎಂದೂ ಅಂದಾಜಿಸಿತು. ನಮ್ಮ ದೇಶದವರಿಗೆ ಸ್ವಲ್ಪ ಹೊಟ್ಟೆ ಬಂದರೂ ಅಪಾಯ ಹೆಚ್ಚು. ಆದ್ದರಿಂದಲೇ ಇಲ್ಲಿನ ವೈದ್ಯರು ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ಸೆಂಟಿಮೀಟರ್ ಸೊಂಟವನ್ನೇ ಎಚ್ಚರಿಕೆಯ ಗೆರೆಯಾಗಿ ಇಟ್ಟಿದ್ದಾರೆ. ದರ್ಜಿಯ ಟೇಪ್ ಮನೆಯಲ್ಲಿದ್ದರೆ ಈ ಲೇಖನ ಮುಗಿಸುವ ಮೊದಲೇ ಅಳೆದು ನೋಡಿ. ಹೊಟ್ಟೆ ಒಳಗೆಳೆದುಕೊಳ್ಳಬೇಡಿ, ನಾನು ಮೊದಲ ಸಲ ಎಳೆದುಕೊಂಡಿದ್ದೆ.

ಒಂದು ವಾರದ ನೋಟ್‌ಬುಕ್

ವೈದ್ಯರು ಔಷಧಿ ಬರೆಯಲಿಲ್ಲ. ಒಂದು ವಾರ ಬಾಯಿಗೆ ಹಾಕಿದ್ದನ್ನೆಲ್ಲ ಬರೆದು ತನ್ನಿ ಎಂದರು. ಮಕ್ಕಳಿಗೆ ದಿನವೂ ಹೋಂವರ್ಕ್ ಕೊಡುವವನಿಗೆ ಹೋಂವರ್ಕ್! ಬರೆದೆ. ಮೂರನೇ ದಿನಕ್ಕೆ ನನಗೇ ನಾಚಿಕೆಯಾಯಿತು.

ಮೊದಲ ಕಳ್ಳ ಚಹಾ. ಮನೆಯಲ್ಲಿ, ಮದ್ರಸದಲ್ಲಿ, ಮಕ್ಕಳ ಪೋಷಕರ ಮನೆಯಲ್ಲಿ, ಅಂಗಡಿಯಲ್ಲಿ ಸೇರಿ ದಿನಕ್ಕೆ ಆರು ಗ್ಲಾಸ್. ಒಂದಕ್ಕೆ ಎರಡು ಚಮಚ ಸಕ್ಕರೆ. ಒಂದು ಚಮಚ ಎಂದರೆ 5 ಗ್ರಾಂ, 20 ಕ್ಯಾಲೊರಿ. ಹನ್ನೆರಡು ಚಮಚಕ್ಕೆ 240. ಹಾಲಿನ ಲೆಕ್ಕ ಬೇರೆ. ಅಂದರೆ ನನ್ನ ಐದು ಕಿಲೋಮೀಟರ್ ನಡಿಗೆ ಚಹಾದ ಸಕ್ಕರೆಗೇ ಸಂದಾಯವಾಗುತ್ತಿತ್ತು. ಸಕ್ಕರೆಯನ್ನು ಒಮ್ಮೆಲೇ ಬಿಡಲು ನನ್ನಿಂದಾಗಲಿಲ್ಲ. ಎರಡು ಚಮಚ ಒಂದಾಯಿತು, ತಿಂಗಳ ನಂತರ ಅರ್ಧ, ಆಮೇಲೆ ಬರೀ ಚಹಾ. ಗ್ಲಾಸ್ ಮೂರಕ್ಕಿಳಿಯಿತು. ಜನರ ಮನೆಗಳಲ್ಲಿ ಸಕ್ಕರೆ ಬೇಡವೆಂದರೆ "ಶುಗರ್ ಇದೆಯಾ ಉಸ್ತಾದ್?" ಎಂದು ಮರುಕದಿಂದ ಕೇಳುತ್ತಿದ್ದರು. "ಬರಬಾರದೆಂದು" ಎಂದರೆ ಅವರಿಗೆ ಅರ್ಥವಾಗುತ್ತಿರಲಿಲ್ಲ.

ಎರಡನೆಯದು ಎಣ್ಣೆ. ಐದು ಜನರ ನಮ್ಮ ಮನೆಗೆ ತಿಂಗಳಿಗೆ 6 ಲೀಟರ್ ಎಣ್ಣೆ ಬೇಕಾಗುತ್ತಿತ್ತು. ತಲೆಗೆ ದಿನಕ್ಕೆ ಸುಮಾರು 37 ಗ್ರಾಂ, 330 ಕ್ಯಾಲೊರಿ. ನನ್ನ ಪತ್ನಿ ಒಂದು ಉಪಾಯ ಮಾಡಿದಳು. ತಿಂಗಳ ಮೊದಲ ದಿನ 4 ಲೀಟರ್ ಮಾತ್ರ ಕಪಾಟಿನಲ್ಲಿಟ್ಟು, "ಇಷ್ಟರಲ್ಲೇ ಮುಗಿಸಬೇಕು" ಎಂದು ತನಗೆ ತಾನೇ ಷರತ್ತು ಹಾಕಿಕೊಂಡಳು. ಮೀನು ಕಾಯಿಸುವುದು ಕಡಿಮೆಯಾಗಿ ಸಾರು ಹೆಚ್ಚಾಯಿತು. ಪ್ರತಿಯೊಬ್ಬರಿಗೂ ದಿನಕ್ಕೆ 110 ಕ್ಯಾಲೊರಿ ಉಳಿಯಿತು. ಮನೆಯಲ್ಲಿ ಯಾರೊಬ್ಬರಿಗೂ ವ್ಯತ್ಯಾಸ ಗೊತ್ತಾಗಲಿಲ್ಲ ಎನ್ನುವುದು ಅವಳ ಹೆಮ್ಮೆ.

ಅನ್ನವನ್ನು ನಾವು ಬಿಡಲಿಲ್ಲ. ಕೊಡಗಿನಲ್ಲಿ ಹುಟ್ಟಿ ಅನ್ನ ಬಿಡುವುದು ಹೇಗೆ? ತಟ್ಟೆಯ ಅರ್ಧ ಭಾಗವನ್ನು ತರಕಾರಿ ಪಲ್ಯ, ಸೊಪ್ಪು, ಸೌತೆಕಾಯಿಗೆ ಬಿಟ್ಟು, ಉಳಿದ ಅರ್ಧದಲ್ಲಿ ಅನ್ನವೂ ಮೀನು ಅಥವಾ ಬೇಳೆಯೂ ಹಂಚಿಕೊಳ್ಳಬೇಕೆಂದು ತೀರ್ಮಾನಿಸಿದೆವು. ಹೊಟ್ಟೆಯನ್ನು ಮೂರು ಪಾಲು ಮಾಡಿ ಒಂದನ್ನು ಆಹಾರಕ್ಕೆ, ಒಂದನ್ನು ನೀರಿಗೆ, ಒಂದನ್ನು ಉಸಿರಿಗೆ ಬಿಡಬೇಕೆಂಬ ಪ್ರವಾದಿ(ಸ)ಯವರ ಉಪದೇಶವನ್ನು ನಾನು ಇಪ್ಪತ್ತು ವರ್ಷಗಳಿಂದ ಮಕ್ಕಳಿಗೆ ಬಾಯಿಪಾಠ ಮಾಡಿಸುತ್ತಿದ್ದೇನೆ. ಪಾಠ ಮಾಡುವಾಗ ಮೇಜಿಗೆ ನನ್ನ ಹೊಟ್ಟೆ ತಾಗುತ್ತಿತ್ತು.

ಸಹೋದರಿಯರ ಲೆಕ್ಕ

ಇಲ್ಲಿಯವರೆಗೆ ಗಂಡಸಿನ ಕಥೆಯಾಯಿತು. ಆದರೆ ಹಾರಂಗಿ ದಾರಿಯಲ್ಲಿ ಸಂಜೆ ನಡೆಯುವವರನ್ನು ಎಣಿಸಿ ನೋಡಿ. ಎಲ್ಲರೂ ಗಂಡಸರು. ಮನೆಗೆ ಬಂದು ಶೂ ಕಳಚಿ, "ನೀನೂ ಸ್ವಲ್ಪ ತೂಕ ಇಳಿಸು" ಎಂದು ಹೆಂಡತಿಗೆ ಉಪದೇಶ ಮಾಡುವುದು ಸುಲಭ. ನಾನೂ ಮಾಡಿದ್ದೇನೆ. "ಯಾವ ಹೊತ್ತಿನಲ್ಲಿ? ಯಾವ ದಾರಿಯಲ್ಲಿ?" ಎಂದು ಅವಳು ಕೇಳಿದಾಗ ನನ್ನ ಬಳಿ ಉತ್ತರವಿರಲಿಲ್ಲ.

ಪೌಷ್ಟಿಕತೆ ಸಂಸ್ಥೆಯ ಅದೇ ಲೆಕ್ಕದಲ್ಲಿ 55 ಕಿಲೋ ತೂಕದ, ಹೆಚ್ಚು ಶ್ರಮದ ಕೆಲಸವಿಲ್ಲದ ಸ್ತ್ರೀಗೆ ದಿನಕ್ಕೆ 1,660 ಕ್ಯಾಲೊರಿ ಸಾಕು. ಗಂಡಸಿಗಿಂತ 450 ಕಡಿಮೆ. ಮಿಕ್ಸಿ, ವಾಷಿಂಗ್ ಮೆಷಿನ್, ಗ್ಯಾಸ್ ಬಂದ ಮೇಲೆ ಮನೆಗೆಲಸದಲ್ಲಿ ದಣಿವು ಉಳಿದಿದೆಯೇ ಹೊರತು ಬೀಸುವ, ಕುಟ್ಟುವ, ನೀರು ಹೊರುವ ಖರ್ಚು ಉಳಿದಿಲ್ಲ. ಇದರ ಮೇಲೆ ತಾಯಂದಿರಿಗೆ ಯಾರ ಲೆಕ್ಕಕ್ಕೂ ಸಿಗದ ಇನ್ನೊಂದು ಊಟವಿದೆ. ಮಗು ಬಿಟ್ಟ ಅರ್ಧ ರೊಟ್ಟಿ, ಪಾತ್ರೆಯ ತಳದ ನೆಯ್ಚೋರು, ನಿನ್ನೆಯ ಕೊನೆಯ ಎರಡು ತುಂಡು. ಬಿಸಾಡಿದರೆ ದುಂದು, ಅದು ಪಾಪ ಎಂಬ ಭಯ. ಭಯ ಒಳ್ಳೆಯದೇ. ಆದರೆ ಬೇಡದ ಅನ್ನವನ್ನು ತಿಪ್ಪೆಯ ಬದಲು ದೇಹಕ್ಕೆ ಹಾಕಿದರೆ ಅದು ಉಳಿತಾಯವಾಗುವುದಿಲ್ಲ. ಒಂದು ಲೋಟ ಅಕ್ಕಿ ಕಡಿಮೆ ಹಾಕುವುದೇ ಅದಕ್ಕೆ ಮದ್ದು ಎಂದು ನಾನು ಭಾವಿಸುತ್ತೇನೆ. ಇದನ್ನು ಹೇಳಬೇಕಾದ್ದು ಅಡುಗೆ ಮಾಡುವವಳಿಗಲ್ಲ. "ನೆಂಟರು ಬಂದಾಗ ಪಾತ್ರೆ ಖಾಲಿಯಾಗಬಾರದು" ಎಂದು ಗದರುವ ನಮ್ಮಂಥವರಿಗೆ.

ದಾರಿಯ ಪ್ರಶ್ನೆಯನ್ನು ಹೆಂಗಸರೇ ಬಿಡಿಸಿದರು. ನನ್ನ ಪತ್ನಿ, ತಮ್ಮನ ಹೆಂಡತಿ ಮತ್ತು ಪಕ್ಕದ ಮನೆಯ ಇಬ್ಬರು ಸೇರಿ, ಮಕ್ಕಳು ಶಾಲೆಗೆ ಹೋದ ಮೇಲೆ ಹತ್ತು ಗಂಟೆಗೆ ಮನೆಗಳ ನಡುವಿನ ಓಣಿಯಲ್ಲಿ ಮುಕ್ಕಾಲು ಗಂಟೆ ಬಿರುಸಾಗಿ ನಡೆಯತೊಡಗಿದರು. ಮಳೆ ಬಂದರೆ ನಮ್ಮ ತಾರಸಿಯ ಶೀಟಿನಡಿ. ವಾರಕ್ಕೆರಡು ದಿನ ಎರಡು ಲೀಟರಿನ ನೀರಿನ ಬಾಟಲಿಗಳನ್ನು ಎತ್ತಿಳಿಸುವುದು, ಕುರ್ಚಿಯಿಂದ ಕೈಯೂರದೆ ಏಳುವುದು, ಕೂರುವುದು. ಊರಲ್ಲಿ ಒಂದಿಬ್ಬರು ಗುಸುಗುಸು ಮಾಡಿದರು. ಪ್ರವಾದಿ(ಸ)ಯವರು ಪತ್ನಿ ಹಝ್ರತ್ ಆಯಿಶಾ(ರ)ರ ಜೊತೆ ಓಟದ ಪಂದ್ಯ ಆಡಿದ ಪ್ರಸಂಗವನ್ನು ನಾನು ಅವರಿಗೆ ನೆನಪಿಸಿದೆ. ಮೊದಲ ಸಲ ಗೆದ್ದವರು ಆಯಿಶಾ(ರ). ವರ್ಷಗಳ ನಂತರ ಮೈ ತುಂಬಿಕೊಂಡಿದ್ದಾಗ ಸೋತರು, ಅದನ್ನು ಅವರೇ ಹೇಳಿದ್ದಾರೆ ಎಂದಾಗ ಗುಸುಗುಸು ನಿಂತಿತು. ನಾಲ್ವರಲ್ಲಿ ಹೆಚ್ಚು ಇಳಿದವಳು ನನ್ನ ಪತ್ನಿಯಲ್ಲ, ತಮ್ಮನ ಹೆಂಡತಿ. ಇದರ ಬಗ್ಗೆ ಮನೆಯಲ್ಲಿ ಹೆಚ್ಚು ಮಾತಾಡುವಂತಿಲ್ಲ.

ಹಾಗಾದರೆ ವ್ಯಾಯಾಮ ಏಕೆ?

ಬಾಯಿ ಕಟ್ಟಿದರೆ ಸಾಕಲ್ಲ, ನಡೆಯುವುದೇಕೆ ಎಂದು ತಾವು ಕೇಳಬಹುದು. ಬರೀ ಊಟ ಕಡಿಮೆ ಮಾಡಿ ತೂಕ ಇಳಿಸಿದಾಗ ಕೊಬ್ಬಿನ ಜೊತೆ ಮಾಂಸಖಂಡವೂ ಕರಗುತ್ತದೆ. ಬಾಟಲಿ ಎತ್ತುವುದು, ಕುರ್ಚಿಯಿಂದ ಏಳುವುದು ಅದನ್ನು ಉಳಿಸಲಿಕ್ಕೆ. ಇನ್ನೂ ಒಂದು ವಿಷಯ. ದೇಹ ಹಗುರಾದಂತೆ ಅದರ ಖರ್ಚೂ ಕಡಿಮೆಯಾಗುತ್ತದೆ. ಆದ್ದರಿಂದಲೇ ಮೊದಲ ತಿಂಗಳಲ್ಲಿ ಇಳಿದಂತೆ ಆರನೇ ತಿಂಗಳಲ್ಲಿ ಇಳಿಯುವುದಿಲ್ಲ. ನನಗೆ ಐದು ಕಿಲೋ ಇಳಿದ ಮೇಲೆ ಎರಡು ತಿಂಗಳು ಮುಳ್ಳು ಅಲುಗಾಡಲಿಲ್ಲ. ಅಲ್ಲಿ ಕೈಬಿಡುವವರೇ ಹೆಚ್ಚು. ಇಳಿದ ತೂಕವನ್ನು ಮತ್ತೆ ಏರದಂತೆ ಹಿಡಿದಿಡುವಾಗ ನಡಿಗೆಯ ಬೆಲೆ ಗೊತ್ತಾಗುತ್ತದೆ. ವಾರಕ್ಕೆ ಕನಿಷ್ಠ 150 ನಿಮಿಷ, ಸಾಧ್ಯವಾದರೆ 300 ನಿಮಿಷ ಬಿರುಸು ನಡಿಗೆಯಂಥ ಚಟುವಟಿಕೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದೆ.

ತಕ್ಕಡಿ ತೋರಿಸದ ಲಾಭವೂ ಇದೆ. ಮಧುಮೇಹದ ಹೊಸ್ತಿಲಲ್ಲಿದ್ದವರ ಮೇಲೆ ಅಮೆರಿಕದಲ್ಲಿ ನಡೆದ, 2002ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ ತೂಕವನ್ನು ನೂರಕ್ಕೆ ಏಳರಷ್ಟು ಇಳಿಸಿ ವಾರಕ್ಕೆ 150 ನಿಮಿಷ ನಡೆಯುವ ಗುರಿ ಕೊಟ್ಟವರಲ್ಲಿ ಕಾಯಿಲೆ ಬರುವ ಪ್ರಮಾಣ ಶೇ. 58ರಷ್ಟು ತಗ್ಗಿತು. ನಮ್ಮ ಪಕ್ಕದ ಚೆನ್ನೈಯಲ್ಲಿ ಡಾ. ಎ. ರಾಮಚಂದ್ರನ್ ಮತ್ತು ಸಂಗಡಿಗರು ಭಾರತೀಯರ ಮೇಲೆ ಇಂಥದೇ ಪ್ರಯೋಗ ಮಾಡಿ 2006ರಲ್ಲಿ ಪ್ರಕಟಿಸಿದರು. ಊಟ ಮತ್ತು ನಡಿಗೆ ತಿದ್ದಿಕೊಂಡವರಲ್ಲಿ ಕಾಯಿಲೆ ಶೇ. 28.5ರಷ್ಟು ಕಡಿಮೆ. ಅಚ್ಚರಿಯೆಂದರೆ ಅವರ ತೂಕ ಹೇಳಿಕೊಳ್ಳುವಷ್ಟು ಇಳಿದೇ ಇರಲಿಲ್ಲ. ಮುಳ್ಳು ಅಲುಗದ ಆ ಎರಡು ತಿಂಗಳು ನಾನು ನಡೆದದ್ದು ಇದನ್ನು ಓದಿದ ಧೈರ್ಯದಿಂದ.

ಒಂದು ಎಚ್ಚರಿಕೆ ಮಾತ್ರ ಅವಶ್ಯ. ಈಗಾಗಲೇ ಸಕ್ಕರೆಗೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುತ್ತಿರುವವರು ತಮ್ಮಷ್ಟಕ್ಕೆ ಊಟ ಕಡಿಮೆ ಮಾಡಿ ನಡಿಗೆ ಹೆಚ್ಚಿಸಿದರೆ ಸಕ್ಕರೆ ಏಕಾಏಕಿ ಕುಸಿದು ತಲೆಸುತ್ತಿ ಬೀಳುವ ಅಪಾಯವಿದೆ. ವೈದ್ಯರನ್ನು ಕೇಳಿಯೇ ಹೊರಡಿ. ಗರ್ಭಿಣಿಯರೂ ಹಾಲೂಡಿಸುವ ತಾಯಂದಿರೂ ತೂಕ ಇಳಿಸುವ ಸಾಹಸಕ್ಕೆ ಹೋಗಬಾರದು.

ರಮಝಾನ್ ಬಗ್ಗೆ ಹೇಳದಿದ್ದರೆ ಅಪೂರ್ಣವಾದೀತು. ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ಉಪವಾಸದ ತಿಂಗಳಲ್ಲಿ ಸರಾಸರಿ ಒಂದು ಕಿಲೋದ ಆಸುಪಾಸು ಇಳಿಯುತ್ತದೆ, ಹಬ್ಬ ಕಳೆದು ಕೆಲವೇ ವಾರಗಳಲ್ಲಿ ಬಹುಪಾಲು ಮರಳಿ ಬರುತ್ತದೆ ಎಂದು ಕಂಡುಬಂದಿದೆ. ನಮ್ಮ ಮನೆಗಳಲ್ಲಿ ಅದೂ ಇಳಿಯುವುದಿಲ್ಲ. ಇಫ್ತಾರಿಗೆ ಸಮೋಸ, ಕಟ್ಲೆಟ್, ಬಣ್ಣದ ಶರಬತ್ತು. ತರಾವೀಹ್ ಮುಗಿಸಿ ಬಂದು ಪತ್ತಿರಿ, ಕೋಳಿ. "ಇಪ್ಪತ್ತು ರಕಅತ್ ನಮಾಝಿನಲ್ಲಿ ಎಲ್ಲ ಕರಗುತ್ತದೆ" ಎಂಬ ಮಾತನ್ನು ಪ್ರತಿ ವರ್ಷ ಕೇಳುತ್ತೇನೆ. ನಮಾಝ್ ಇರುವುದು ಅಲ್ಲಾಹನಿಗಾಗಿ, ಸಮೋಸಕ್ಕಾಗಿ ಅಲ್ಲ. ಲೆಕ್ಕಕ್ಕೇ ಬರುವುದಾದರೆ ಅದರ ಹೆಚ್ಚುವರಿ ಖರ್ಚು ಒಂದು ಸಮೋಸಕ್ಕೂ ಸಾಲದು. ಕಳೆದ ರಮಝಾನಿನಲ್ಲಿ ನಾವು ಖರ್ಜೂರ, ಹಣ್ಣು, ಗಂಜಿಯಿಂದ ಇಫ್ತಾರ್ ಮಾಡಿ, ಕರಿದದ್ದನ್ನು ಶುಕ್ರವಾರಕ್ಕೆ ಮಾತ್ರ ಇಟ್ಟುಕೊಂಡೆವು. ಮೊದಲ ಮೂರು ದಿನ ಮಕ್ಕಳು ಮುನಿಸಿಕೊಂಡಿದ್ದರು.

ಈಗ ಪ್ರತಿ ಶುಕ್ರವಾರ ಸುಬ್‌ಹ್ ನಂತರ ತೂಕ ನೋಡುತ್ತೇನೆ. ಮಗಳು ಕ್ಯಾಲೆಂಡರಿನಲ್ಲಿ ಬರೆದಿಡುತ್ತಾಳೆ. ತಲೆಬರಹ ಅವಳದೇ: "ಅಪ್ಪನ ಇಂದಿನ ಮಟ್ಟ". ಕಳೆದ ಶುಕ್ರವಾರ 76.2. ಸೊಂಟ 94, ಗೆರೆಯಿಂದ ಇನ್ನೂ ನಾಲ್ಕು ಸೆಂಟಿಮೀಟರ್ ಆಚೆ. ಎಚ್‌ಬಿಎ1ಸಿ 5.8. ಹೊಸ್ತಿಲಿನಿಂದ ಪೂರ್ತಿ ಹಿಂದೆ ಸರಿದಿಲ್ಲ, ಅಂಚಿಗೆ ಬಂದಿದ್ದೇನೆ. ಬರುವ ಭಾನುವಾರ ಸಿದ್ದಾಪುರದಲ್ಲಿ ತಂಗಿಯ ಮಗನ ಮದುವೆ. ಬಿರಿಯಾನಿ ಇದೆ, ಖಂಡಿತ ತಿನ್ನುತ್ತೇನೆ, ಒಂದು ತಟ್ಟೆ. ಸೋಮವಾರ ಅಸರ್ ಬಳಿಕ ಮಳೆ ಇಲ್ಲದಿದ್ದರೆ ಅಣೆಕಟ್ಟಿನ ದಾರಿಯಲ್ಲಿರುತ್ತೇನೆ. ಹಳೆಯ ಜೊತೆಗಾರರೂ ಬರುತ್ತಾರೆ. ಹೋಟೆಲಿನವನು ನಮ್ಮನ್ನು ಕಂಡು ಈಗಲೂ ತವೆಗೆ ಎಣ್ಣೆ ಚಿಮುಕಿಸುತ್ತಾನೆ, ನಾವು ಕೈ ಬೀಸಿ ಮುಂದೆ ಹೋಗುತ್ತೇವೆ.